ಅಜ್ಜನ ಜಾಕೆಟ್ಟಿಗೆ ಎಣ್ಣೆ ಬೇಡ

ಮಳೆಗಾಲ ಕಳೆದು ಬಿಸಿಲು ಬಿದ್ದೊಡನೆ ಅಟ್ಟದ ಟ್ರಂಕುಗಳು ಕೆಳಗಿಳಿಯುತ್ತವೆ. ಸೈನ್ಯದಲ್ಲೋ ವಾಯುಪಡೆಯಲ್ಲೋ ಇದ್ದವರ ಮನೆಯಾದರೆ, ಇಲ್ಲವೇ ಪ್ರಾಯದಲ್ಲಿ ಮೋಟಾರ್ ಸೈಕಲ್ ಹುಚ್ಚು ಹತ್ತಿಸಿಕೊಂಡಿದ್ದ ಅಜ್ಜ ಇರುವ ಮನೆಯಾದರೆ, ರೇಷ್ಮೆ ಸೀರೆಗಳ ಅಡಿಯಲ್ಲಿ ಒಂದು ಚರ್ಮದ ಜಾಕೆಟ್ಟೂ ಸಿಗಬಹುದು. ಮೈಮೇಲೆಲ್ಲ ಬಿಳಿ ಬೂಷ್ಟು, ಮೊಣಕೈ ಮಡಿಚಿದಲ್ಲಿ ಬಿರುಕು, ಹಿಂದೆಮುಂದೆ ಸರಿಯದ ಜಿಪ್ಪು. ಅದನ್ನು ಕಂಡ ಕೂಡಲೇ ಮನೆಮಂದಿಯೆಲ್ಲ ವೈದ್ಯರಾಗುತ್ತಾರೆ. ಒಬ್ಬರು ಕೊಬ್ಬರಿ ಎಣ್ಣೆ ತರುತ್ತಾರೆ, ಇನ್ನೊಬ್ಬರು ಬೂಟ್ ಪಾಲಿಷ್ ಹುಡುಕುತ್ತಾರೆ, ಮೂರನೆಯವರು ಬಿಸಿಲಿಗೆ ಹರವಿ ಬರುತ್ತಾರೆ. ಈ ಮೂರೂ ಕೈಗಳನ್ನು ಸ್ವಲ್ಪ ತಡೆಯಿರಿ ಎಂದು ಹೇಳುವುದಕ್ಕೇ ಈ ವಾರದ ಅಂಕಣ.

ಮಕ್ಕಳೇ, ಹಳೆಯ ಜಾಕೆಟ್ ಬರೀ ಬಟ್ಟೆಯಲ್ಲ. ಅಮೆರಿಕದ ಸೇನೆಯ ವಿಮಾನ ಚಾಲಕರು ತೊಡುತ್ತಿದ್ದ ‘ಎ-2’ ಎಂಬ ಜಾಕೆಟ್ಟನ್ನೇ ನೋಡಿ. 1931ರಲ್ಲಿ ಅದು ಅವರ ಅಧಿಕೃತ ಉಡುಪಾಯಿತು. ಅದಕ್ಕೂ ಮುಂಚಿನ ‘ಎ-1’ಕ್ಕೆ ಗುಂಡಿಗಳಿದ್ದವು, ಇದಕ್ಕೆ ಜಿಪ್ಪು ಬಂತು. ಹೆಚ್ಚಿನವು ಕುದುರೆ ತೊಗಲಿನವು, ಕೆಲವು ಆಡಿನವು. ಮುಂಗೈಗೂ ಸೊಂಟಕ್ಕೂ ಉಣ್ಣೆಯ ಹೆಣಿಗೆಯ ಪಟ್ಟಿ, ಗಾಳಿ ನುಗ್ಗದಿರಲೆಂದು. ಚಾಲಕರು ಅದರ ಎದೆಯ ಮೇಲೆ ತಮ್ಮ ತುಕಡಿಯ ಬಿಲ್ಲೆ ಹೊಲಿಸಿಕೊಂಡರು, ಬೆನ್ನಿನ ಮೇಲೆ ತಮ್ಮ ವಿಮಾನದ ಹೆಸರು, ಚಿತ್ರ ಬರೆಸಿಕೊಂಡರು. ಎಷ್ಟು ಸಲ ಹಾರಾಟಕ್ಕೆ ಹೋಗಿಬಂದರೋ ಅಷ್ಟು ಪುಟ್ಟ ಗುರುತುಗಳನ್ನು ಸಾಲಾಗಿ ಬಿಡಿಸಿಕೊಂಡವರೂ ಇದ್ದರು. ಒಂದು ಬಗೆಯ ಪಾಸ್‌ಬುಕ್ಕೇ ಅನ್ನಿ, ಬೆನ್ನಿನ ಮೇಲೆ ಹೊತ್ತದ್ದು.

ಈ ಜಾಕೆಟ್ಟುಗಳು ನಮ್ಮ ದೇಶಕ್ಕೂ ಬಂದವು. 1942ರಲ್ಲಿ ಜಪಾನಿನ ಸೇನೆ ಬರ್ಮಾದ ರಸ್ತೆಯನ್ನು ತುಂಡರಿಸಿದಾಗ, ಚೀನಾಕ್ಕೆ ಹೋಗಬೇಕಾದ ಸಾಮಾನನ್ನು ಅಸ್ಸಾಮಿನಿಂದ ಹಿಮಾಲಯದ ಮೇಲೆ ವಿಮಾನದಲ್ಲೇ ಸಾಗಿಸಬೇಕಾಯಿತು. ಚಾಲಕರು ಆ ದಾರಿಗೆ ‘ಹಂಪ್’ ಎಂದರು, ಅಂದರೆ ಒಂಟೆಯ ಡುಬ್ಬ. ಚೀನಾದ ಮೇಲೆ ಹಾರುವವರು ಜಾಕೆಟ್ಟಿನೊಂದಿಗೆ ಒಂದು ಬಟ್ಟೆಯ ತುಂಡನ್ನೂ ಇಟ್ಟುಕೊಳ್ಳುತ್ತಿದ್ದರು; ಕೆಲವರು ಅದನ್ನು ಜಾಕೆಟ್ಟಿಗೇ ಹೊಲಿಸಿಕೊಂಡಿದ್ದರು. ಈತ ಯುದ್ಧದಲ್ಲಿ ಸಹಾಯಕ್ಕೆ ಬಂದ ಪರದೇಶಿ, ಇವನನ್ನು ಕಾಪಾಡಿ ಎಂಬ ಅರ್ಥದ ಮಾತು ಅದರಲ್ಲಿ ಚೀನೀ ಲಿಪಿಯಲ್ಲಿ ಇರುತ್ತಿತ್ತು. ವಿಮಾನ ಬಿದ್ದು ಭಾಷೆ ಬಾರದ ಹಳ್ಳಿಯಲ್ಲಿ ನಿಂತವನಿಗೆ ಆ ಬಟ್ಟೆಯೇ ಬಾಯಿ.

ಬೆಂಗಳೂರಿನ ಮಕ್ಕಳಿಗೆ ಇನ್ನೊಂದು ಸಂಗತಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ವಾಯುಸೇನೆಯ ಕೈಗೆ ಒಪ್ಪಿಸಲಾಯಿತು. ಯುದ್ಧದಲ್ಲಿ ಬಳಲಿದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲೇ ಇಳಿಯುತ್ತಿದ್ದವಂತೆ. ಈಗ ಆ ಕೆರೆಯಲ್ಲಿ ನೊರೆ ಬಿಟ್ಟರೆ ಏನು ಇಳಿಯುತ್ತದೋ ನಾನು ಹೇಳಲಾರೆ.

ಇಂಥ ಜಾಕೆಟ್ಟಿನ ಬೆನ್ನಿನ ಚಿತ್ರವನ್ನು ಕೊಳೆಯೆಂದು ತಿಳಿದು ಪೆಟ್ರೋಲಿನಲ್ಲೋ ಉಗುರುಬಣ್ಣ ತೆಗೆಯುವ ದ್ರಾವಣದಲ್ಲೋ ಒರೆಸಿಬಿಟ್ಟರೆ? ಹತ್ತು ನಿಮಿಷದಲ್ಲಿ ಜಾಕೆಟ್ ಹೊಸದರಂತಾಗುತ್ತದೆ, ಆದರೆ ತೊಟ್ಟವನು ಯಾರೆಂದು ಹೇಳುವ ಗುರುತೇ ಹೋಗಿರುತ್ತದೆ. ನಮ್ಮ ಮನೆಗಳ ಜಾಕೆಟ್ಟಿಗೆ ಇಷ್ಟು ದೊಡ್ಡ ಚರಿತ್ರೆ ಇರಲಿಕ್ಕಿಲ್ಲ. ಆದರೆ ಕಾಲರಿನ ಒಳಗೆ ಶಾಯಿಯಲ್ಲಿ ಬರೆದ ಒಂದು ಹೆಸರು, ಒಂದು ನಂಬರು ಇದ್ದರೂ ಅದು ಆ ಮನೆಯ ಚರಿತ್ರೆಯೇ.

ಇನ್ನು ಚರ್ಮದ ವಿಚಾರ. ಹಸಿ ತೊಗಲು ಕೊಳೆಯುತ್ತದೆ. ಹದ ಮಾಡಿದರೆ ಕೊಳೆಯದು. ಹದಕ್ಕೆ ಹಳೆಯ ದಾರಿ ಮರದ ತೊಗಟೆ. ನಮ್ಮ ದಕ್ಷಿಣದಲ್ಲಿ ಬಳಸುತ್ತಿದ್ದದ್ದು ತಂಗಡಿ ಗಿಡದ ತೊಗಟೆ. ಆವರಿಕೆ ಎಂದೂ ಕರೆಯುತ್ತಾರೆ. ಬಯಲುಸೀಮೆಯ ರಸ್ತೆಬದಿಯಲ್ಲಿ ಹಳದಿ ಹೂ ಹೊತ್ತು ನಿಂತಿರುತ್ತದಲ್ಲ, ಅದೇ. ಹೊಸ ದಾರಿ ಕ್ರೋಮಿಯಂ ಲವಣದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಅದನ್ನು ನೆಲೆಗೊಳಿಸಲು ದುಡಿದ ಆಲ್‌ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನಕ್ಕೂ ಬಂದು ಕೈಗಾರಿಕೆಗಳ ಹೊಣೆ ಹೊತ್ತರು.

ನಿಮ್ಮ ಜಾಕೆಟ್ ಯಾವ ಬಗೆಯದೆಂದು ತಿಳಿಯಬೇಕೆ? ಹೊಲಿಗೆ ಬಿಟ್ಟ ಜಾಗದಲ್ಲಿ ಚರ್ಮದ ಕತ್ತರಿಸಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಒಳಗೆ ನೀಲಿ ಬೆರೆತ ಬೂದು ಬಣ್ಣ ಕಂಡರೆ ಸಾಮಾನ್ಯವಾಗಿ ಕ್ರೋಮಿನದು, ಕಂದಾಗಿದ್ದರೆ ತೊಗಟೆಯದು. ತೊಗಟೆಯಲ್ಲಿ ಹದಗೊಂಡದ್ದು ಒದ್ದೆಯಾಗಿರುವಾಗ ಕುದಿಯುವ ನೀರಿಗಿಂತ ಎಷ್ಟೋ ಕಡಿಮೆ ಶಾಖಕ್ಕೇ ಮುದುಡಿ ಗಟ್ಟಿಯಾಗುತ್ತದೆ. ಹಾಗೆ ಮುದುಡಿದ್ದನ್ನು ಮತ್ತೆ ಬಿಡಿಸಲಾಗದು. ಒದ್ದೆ ಜಾಕೆಟ್ಟನ್ನು ಬಿಸಿಲಿಗೆ ಹಾಕಬೇಡಿ, ಕೂದಲು ಒಣಗಿಸುವ ಯಂತ್ರ ಹಿಡಿಯಬೇಡಿ ಎನ್ನುವುದು ಇದಕ್ಕೇ. ನೆರಳು, ಗಾಳಿ, ತಾಳ್ಮೆ ಸಾಕು.

ತೊಗಟೆಯಲ್ಲಿ ಹದವಾದ ಹಳೆಯ ಚರ್ಮಕ್ಕೆ ಇನ್ನೊಂದು ಕಾಯಿಲೆಯಿದೆ. ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ರೆಕಾರ್ಡ್ ರೂಮಿನ ಹಳೆಯ ಲೆಡ್ಜರುಗಳನ್ನು ಎತ್ತಿಕೊಂಡು ಬಂದರೆ ಬಿಳಿ ಅಂಗಿಯ ಮೇಲೆಲ್ಲ ಇಟ್ಟಿಗೆಪುಡಿಯಂಥ ಕೆಂಪು. ಲೆಡ್ಜರಿನ ಬೆನ್ನಿನ ಚರ್ಮವೇ ಪುಡಿಯಾಗಿ ಉದುರುತ್ತಿತ್ತು. ಇಂಗ್ಲಿಷಿನಲ್ಲಿ ಇದನ್ನು ‘ರೆಡ್ ರಾಟ್’ ಎನ್ನುತ್ತಾರೆ. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಅನಿಲ ಚರ್ಮದಲ್ಲಿ ಆಮ್ಲವಾಗಿ ಕೂತು ಎಳೆಗಳನ್ನು ತಿನ್ನುವುದು ಅದಕ್ಕೊಂದು ಮುಖ್ಯ ಕಾರಣ. ಜಾಕೆಟ್ಟಿನಲ್ಲಿ ಇಂಥ ಪುಡಿ ಕಂಡರೆ ಅದನ್ನು ತೊಡುವ ಆಸೆ ಬಿಟ್ಟುಬಿಡಿ. ಹೋದ ಎಳೆ ಯಾವ ಮುಲಾಮಿಗೂ ಬರುವುದಿಲ್ಲ. ಇದ್ದದ್ದು ಉಳಿಯುವಂತೆ ಅಲುಗಾಡಿಸದೆ ಇಡಬಹುದು, ಅಷ್ಟೇ.

ಈಗ ಎಣ್ಣೆ. ನನ್ನ ವಯಸ್ಸಿನವರು ಒಪ್ಪುವುದು ಕಷ್ಟ, ಯಾಕೆಂದರೆ ನಮಗೆ ಮಂಡಿನೋವಿನಿಂದ ಬಾಗಿಲ ಕೀಲಿನವರೆಗೆ ಎಲ್ಲದಕ್ಕೂ ಎಣ್ಣೆಯೇ ಮದ್ದು. ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳೂ ಒಂದು ಕಾಲದಲ್ಲಿ ಚರ್ಮಕ್ಕೆ ಕುರಿಯುಣ್ಣೆಯ ಜಿಡ್ಡು, ಜೇನುಮೇಣ ಬೆರೆಸಿದ ಮುಲಾಮು ಹಚ್ಚುತ್ತಿದ್ದವು. ಈಗ ಕೈಬಿಟ್ಟಿದ್ದಾರೆ. ಹೆಚ್ಚಾದ ಜಿಡ್ಡು ಚರ್ಮವನ್ನು ಕಪ್ಪಾಗಿಸುತ್ತದೆ, ಕಾಲಕ್ರಮದಲ್ಲಿ ಅಂಟಾಗುತ್ತದೆ, ಧೂಳನ್ನು ಹಿಡಿಯುತ್ತದೆ, ಬೂಷ್ಟಿಗೆ ಊಟವಾಗುತ್ತದೆ. ಇಂದಿಗೂ ತೊಡುವ ಗಟ್ಟಿಮುಟ್ಟಾದ ಜಾಕೆಟ್ಟಿಗೆ ಚರ್ಮಕ್ಕೆಂದೇ ಮಾಡಿದ ಕ್ರೀಮನ್ನು ವರ್ಷಕ್ಕೊಮ್ಮೆ ತೆಳ್ಳಗೆ, ಮೊದಲು ಕಾಲರಿನ ಒಳಬದಿಯಲ್ಲಿ ಹಚ್ಚಿ ನೋಡಿ, ಬಳಸಬಹುದು. ನೆನಪಿಗಾಗಿ ಇಟ್ಟ ಜಾಕೆಟ್ಟಿಗೆ ಅದೂ ಬೇಡ.

ಬೂಷ್ಟು ತೆಗೆಯುವುದು ಹಿರಿಯರ ಕೆಲಸ. ಮಕ್ಕಳು ದೂರ ನಿಂತು ನೋಡಲಿ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಜಾಕೆಟ್ಟನ್ನು ಮನೆಯ ಹೊರಗೆ ನೆರಳಲ್ಲಿ ತೂಗುಹಾಕಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ನಿಮ್ಮಿಂದ ಆಚೆಗೆ ತಳ್ಳುತ್ತ ಹೋಗಿ. ಹಸಿಯಿರುವಾಗ ಉಜ್ಜಿದರೆ ಅದು ಚರ್ಮದೊಳಗೇ ಇಳಿಯುತ್ತದೆ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಷ್ಟು ಮತ್ತೆ ಬರಬಹುದು. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಮಳೆಗಾಲ ಪೂರ್ತಿ ಅಷ್ಟಿರುತ್ತದೆ. ಅಂಥ ಕಡೆ ಹೊರಗೋಡೆಗೆ ಒರಗಿದ ಬೀರು ಬೇಡ, ಪ್ಲಾಸ್ಟಿಕ್ ಚೀಲವಂತೂ ಬೇಡವೇ ಬೇಡ. ಅಗಲ ಭುಜದ ಹ್ಯಾಂಗರಿಗೆ ಹಳೆಯ ಟವೆಲ್ ಸುತ್ತಿ, ಜಾಕೆಟ್ ತೂಗುಹಾಕಿ, ಮೇಲೆ ಹಳೆಯ ಪಂಚೆ ಹೊದಿಸಿ. ತಂತಿಯ ಹ್ಯಾಂಗರ್ ಭುಜದಲ್ಲಿ ಕೊಂಬು ಮೂಡಿಸುತ್ತದೆ. ಸರಿಯದ ಜಿಪ್ಪಿಗೆ ಪೆನ್ಸಿಲಿನ ಸೀಸವನ್ನು ಹಲ್ಲುಗಳ ಮೇಲೆ ಉಜ್ಜಿ ನೋಡಿ. ಇದು ಮಕ್ಕಳೇ ಮಾಡಬಹುದಾದ ಕೆಲಸ.

ಹೊಲಿಗೆ ಬಿಟ್ಟಿದ್ದರೆ ಕೂಡಲೇ ಮಿಷನ್ನಿಗೆ ಕೊಡಬೇಡಿ. ಚರ್ಮದಲ್ಲಿ ಬಿದ್ದ ತೂತು ಮುಚ್ಚಿಕೊಳ್ಳುವುದಿಲ್ಲ. ಹಳೆಯ ತೂತುಗಳ ಪಕ್ಕದಲ್ಲೇ ಹೊಸ ಸಾಲು ಬಿದ್ದರೆ ಅಂಚೆಚೀಟಿ ಹರಿದಂತೆ ಅಲ್ಲೇ ಹರಿಯುತ್ತದೆ. ಹಳೆಯ ತೂತಿನಲ್ಲೇ ಸೂಜಿ ಹಾಯಿಸಿ ಕೈಯಲ್ಲಿ ಹೊಲಿಯುವವರನ್ನು ಹುಡುಕಿ. ಚಪ್ಪಲಿ, ಚೀಲ ಹೊಲಿಯುವ ಹಳೆಯ ಕೈಗಳಿಗೆ ಇದು ಚೆನ್ನಾಗಿ ಗೊತ್ತು. ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಒಳಗಿನ ಲೈನಿಂಗ್ ಹರಿದಿದ್ದರೆ ಬದಲಾಯಿಸಬಹುದು, ಆದರೆ ತೆಗೆದ ಬಟ್ಟೆಯನ್ನು ಎಸೆಯಬೇಡಿ. ಅದರಲ್ಲೇ ದರ್ಜಿಯ ಚೀಟಿಯೋ ಕಾರ್ಖಾನೆಯ ಮುದ್ರೆಯೋ ಇರುತ್ತದೆ.

ಇಷ್ಟಕ್ಕೆಲ್ಲ ಕೈಹಾಕುವ ಮೊದಲು, ಜೇಬುಗಳನ್ನು ನೋಡಿ. ಲೈನಿಂಗಿನ ಹರಕಿನಲ್ಲಿ ಜಾರಿ ಕೆಳಗಿಳಿದದ್ದನ್ನೂ ಬೆರಳಿನಿಂದ ತಡಕಿ. ರೈಲಿನ ರಟ್ಟಿನ ಟಿಕೆಟ್ಟೋ ಹತ್ತು ಪೈಸೆಯೋ ಸಿಕ್ಕರೆ ಒಂದು ಕವರಿನಲ್ಲಿ ಹಾಕಿ, ಯಾವ ಜೇಬಿನಲ್ಲಿ ಸಿಕ್ಕಿತೆಂದು ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಆಮೇಲೆ ಅಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ.