ನಕಲು ಇದೆ, ಆದರೆ ಮರಳಿ ಬರುತ್ತದೆಯೇ?

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಹೊತ್ತಿಕೊಂಡಿತು. ಐದನೇ ಮಹಡಿಯ ಸರ್ವರ್ ಕೊಠಡಿಯಲ್ಲಿದ್ದ ಲಿಥಿಯಂ ಬ್ಯಾಟರಿಗಳನ್ನು ನೆಲಮಾಳಿಗೆಗೆ ಸಾಗಿಸುವ ಕೆಲಸ ಆಗ ನಡೆಯುತ್ತಿತ್ತು. ಬ್ಯಾಟರಿಯೂ ಸರ್ವರೂ ಒಂದೇ ಕಡೆ ಇರುವುದು ಅಪಾಯವೆಂದೇ ಈ ಕೆಲಸಕ್ಕೆ ಕೈಹಾಕಿದ್ದರು. ಅಪಾಯ ತಪ್ಪಿಸಲು ಹೊರಟ ಕೆಲಸದ ನಡುವೆಯೇ ಅನಾಹುತ ಸಂಭವಿಸಿತು. ಬೆಂಕಿ ಪೂರ್ತಿ ಆರಲು ಸುಮಾರು 22 ಗಂಟೆ ಹಿಡಿಯಿತು.

ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ಆ ದೇಶದಲ್ಲಿ ಮರುದಿನ ಬೆಳಿಗ್ಗೆ ಅಂಚೆ, ಗುರುತಿನ ಚೀಟಿ, ಸರ್ಕಾರಿ ಪ್ರಮಾಣಪತ್ರ ಮುಂತಾದ ನೂರಾರು ಸೇವೆಗಳು ನಿಂತುಹೋಗಿದ್ದವು. ಮೊದಲು 647 ವ್ಯವಸ್ಥೆಗಳೆಂದು ಹೇಳಿದ ಸರ್ಕಾರ ನಂತರ ಆ ಸಂಖ್ಯೆಯನ್ನು 709 ಎಂದು ತಿದ್ದಿತು. ನಿಂತದ್ದು ಎಷ್ಟು ಎಂಬ ಪಟ್ಟಿಯೇ ಸರಿಯಾಗಿ ಕೈಯಲ್ಲಿರಲಿಲ್ಲ ಎಂಬುದನ್ನು ನಾವು ಇಲ್ಲಿ ಗಮನಿಸಬೇಕು. ಒಂದು ತಿಂಗಳು ಕಳೆದರೂ ಎಲ್ಲವೂ ಮೊದಲಿನಂತಾಗಿರಲಿಲ್ಲ. ಪುನಃಸ್ಥಾಪನೆಯ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿಯೊಬ್ಬರು ಅಕ್ಟೋಬರ್ 3ರಂದು ಸಾವಿಗೀಡಾದರು. ಯಂತ್ರ ಕೆಟ್ಟಾಗ ಅದರ ಭಾರ ಕೊನೆಗೆ ಯಾರೋ ಒಬ್ಬ ಮನುಷ್ಯನ ಹೆಗಲ ಮೇಲೆಯೇ ಬೀಳುತ್ತದೆ.

ದೊಡ್ಡ ನಷ್ಟವಾದದ್ದು ‘ಜಿ-ಡ್ರೈವ್’ ಎಂಬ ಸರ್ಕಾರಿ ಕಡತ ಭಂಡಾರದಲ್ಲಿ. ಕಡತಗಳನ್ನು ಸ್ವಂತ ಕಂಪ್ಯೂಟರ್‌ನಲ್ಲಿ ಇಡದೆ ಇಲ್ಲಿಯೇ ಇಡಿ ಎಂದು ನೌಕರರಿಗೆ ಹೇಳಲಾಗಿತ್ತು. 858 ಟೆರಾಬೈಟ್ ಮಾಹಿತಿ, ಅಂದರೆ ನಮ್ಮ ಕಚೇರಿಗಳಲ್ಲಿರುವಂಥ ಒಂದು ಟೆರಾಬೈಟಿನ 858 ಹಾರ್ಡ್ ಡಿಸ್ಕ್ ತುಂಬುವಷ್ಟು ಕಡತಗಳು ಸುಟ್ಟುಹೋದವು. ಗಾತ್ರ ಬಹಳ ದೊಡ್ಡದೆಂಬ ಕಾರಣಕ್ಕೆ ಇದರ ನಕಲು ಹೊರಗೆ ಎಲ್ಲಿಯೂ ಇರಲಿಲ್ಲ. ಕಳೆದುಕೊಳ್ಳಲಾಗದಷ್ಟು ದೊಡ್ಡದಾದದ್ದನ್ನೇ ನಕಲು ಮಾಡದೆ ಬಿಟ್ಟಿದ್ದರು! 2022ರ ಅಕ್ಟೋಬರ್‌ನಲ್ಲಿ ಅದೇ ದೇಶದ ಖಾಸಗಿ ದತ್ತಾಂಶ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು ಕಾಕಾವೊ ಸಂದೇಶ ಸೇವೆ ನಿಂತಾಗ ದೇಶವಿಡೀ ಆ ಕಂಪನಿಯನ್ನು ತರಾಟೆಗೆ ತೆಗೆದುಕೊಂಡಿತ್ತು. ಮೂರು ವರ್ಷಗಳ ನಂತರ ಸರ್ಕಾರದ ಮನೆಯಲ್ಲೂ ಅದೇ ಕಥೆ.

ನಮ್ಮ ದೇಶದ ಪಾಠ

ನಮ್ಮಲ್ಲೂ ಇಂಥದ್ದು ನಡೆದಿದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದುಷ್ಕರ್ಮಿಗಳು ಬೀಗ ಜಡಿದರು. ರೋಗಿಗಳ ನೋಂದಣಿಯಿಂದ ಹಿಡಿದು ರಕ್ತಪರೀಕ್ಷೆಯ ವರದಿಯವರೆಗೆ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ಆದರೆ ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರ್ ಉಳಿದಿತ್ತು. ಅದರಿಂದ ಮಾಹಿತಿಯನ್ನು ಹೊಸ ಸರ್ವರ್‌ಗಳಿಗೆ ತುಂಬಿ, ಎರಡು ವಾರಗಳಲ್ಲಿ ಹೆಚ್ಚಿನ ಸೇವೆಗಳನ್ನು ಮರಳಿ ಆರಂಭಿಸಲಾಯಿತು. ಎಲ್ಲೋ ಒಂದು ಕಡೆ ಬೇರೆಯಾಗಿ ಉಳಿದಿದ್ದ ಒಂದು ಪ್ರತಿಯೇ ಅವರನ್ನು ಉಳಿಸಿತು.

ಹಾಗಾದರೆ ನಕಲು ಇದ್ದರೆ ಸಾಕೇ? ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಸಂಸ್ಥೆಯ ಉದ್ಯೋಗಿಯೊಬ್ಬರು ರಾತ್ರಿಯ ಆಯಾಸದಲ್ಲಿ ತಪ್ಪು ಸರ್ವರ್‌ನ ದತ್ತಾಂಶವನ್ನು ಅಳಿಸಿಬಿಟ್ಟರು. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಆ ಸಂಸ್ಥೆಯಲ್ಲಿ ಬ್ಯಾಕಪ್‌ಗೆ ಐದು ವಿಧಾನಗಳಿದ್ದವು. ಅಗತ್ಯ ಬಿದ್ದಾಗ ಒಂದೂ ಸರಿಯಾಗಿ ಒದಗಲಿಲ್ಲ. ದಿನನಿತ್ಯದ ನಕಲು ಬಹಳ ದಿನಗಳಿಂದ ವಿಫಲವಾಗುತ್ತಿದ್ದರೂ ಎಚ್ಚರಿಕೆಯ ಇ-ಮೇಲ್‌ಗಳು ಯಾರಿಗೂ ತಲುಪಿರಲಿಲ್ಲ. ಅದೃಷ್ಟವಶಾತ್ ಯಾವುದೋ ಪರೀಕ್ಷೆಗೆಂದು ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಸಿಕ್ಕಿತು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಜಗತ್ತಿಗೆ ಹೇಳಿಕೊಂಡಿತು. ಈ ಪ್ರಾಮಾಣಿಕ ತಪ್ಪೊಪ್ಪಿಗೆಯಿಂದ ಬಹಳ ಮಂದಿ ಪಾಠ ಕಲಿತರು.

ನಮ್ಮ ಚರ್ಚ್ ಕಚೇರಿಗಳಲ್ಲಿ

ಇದೆಲ್ಲ ದೊಡ್ಡವರ ವಿಷಯ, ನಮಗೇಕೆ ಎಂದು ಕೆಲವರು ಕೇಳಬಹುದು. ಜ್ಞಾನಸ್ನಾನ, ವಿವಾಹ, ಮರಣದ ದಾಖಲೆ ಪುಸ್ತಕಗಳನ್ನು ಪ್ರತಿ ಚರ್ಚ್‌ನಲ್ಲಿಯೂ ಇಡಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ನಿಯಮ ಹೇಳುತ್ತದೆ. 491ನೇ ನಿಯಮದ ಪ್ರಕಾರ ಚರ್ಚ್‌ನ ದಾಖಲೆಗಳ ಪಟ್ಟಿಯನ್ನು ಎರಡು ಪ್ರತಿಗಳಲ್ಲಿ ತಯಾರಿಸಿ ಒಂದನ್ನು ಅಲ್ಲಿಯೇ, ಇನ್ನೊಂದನ್ನು ಧರ್ಮಪ್ರಾಂತ್ಯದ ದಾಖಲೆ ಭಂಡಾರದಲ್ಲಿ ಇಡಬೇಕು. ಪ್ರತಿಯನ್ನು ಬೇರೆ ಸ್ಥಳದಲ್ಲಿಡಬೇಕೆಂಬ ವಿವೇಕ ಕಂಪ್ಯೂಟರ್ ಕಲಿಸಿದ್ದಲ್ಲ. ಧರ್ಮಸಭೆಗೆ ಅದು ಮೊದಲೇ ತಿಳಿದಿತ್ತು.

ಇಂದು ನಮ್ಮ ಕರಾವಳಿಯ ಅನೇಕ ಚರ್ಚ್‌ಗಳಲ್ಲಿ ಕುಟುಂಬಗಳ ವಿವರ, ವಂತಿಗೆಯ ಲೆಕ್ಕ, ಸಾಕ್ಷಿಪತ್ರಗಳೆಲ್ಲ ಕಂಪ್ಯೂಟರ್‌ನಲ್ಲಿವೆ. ಕೊಲ್ಲಿ ರಾಷ್ಟ್ರದಲ್ಲಿರುವ ಯುವಕನ ಮದುವೆ ಗೊತ್ತಾದಾಗ ಮೊದಲು ಬರುವ ಫೋನ್ ಕರೆ ಜ್ಞಾನಸ್ನಾನದ ಸಾಕ್ಷಿಪತ್ರಕ್ಕೇ. ಅದು ಸಿಗದಿದ್ದರೆ ಎರಡು ಕುಟುಂಬಗಳ ನಿದ್ದೆ ಕೆಡುತ್ತದೆ. ನಮ್ಮಲ್ಲಿ ಸೈಬರ್ ದಾಳಿಯೇ ಆಗಬೇಕಿಲ್ಲ. ಮುಂಗಾರಿಗೆ ಮುನ್ನ ಬರುವ ಒಂದು ಸಿಡಿಲು, ಸಮುದ್ರದ ಉಪ್ಪು ಗಾಳಿ, ಮಳೆಗಾಲದ ತೇವ, ಗೆದ್ದಲು ಇವೇ ಸಾಕು. ಒಮ್ಮೆ ಸಿಡಿಲಿಗೆ ನಮ್ಮ ಸಂಪಾದಕೀಯ ಕಚೇರಿಯ ಕಂಪ್ಯೂಟರ್ ಹೋದಾಗ, ‘ಬ್ಯಾಕಪ್ ಇದೆಯಲ್ಲ’ ಎಂದು ನಾವು ಧೈರ್ಯದಿಂದಿದ್ದೆವು. ಆದರೆ ಆ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇತ್ತು; ಎರಡೂ ಒಟ್ಟಿಗೆ ಹೋದವು. ಎರಡು ಬೀಗದ ಕೈಗಳನ್ನು ಒಂದೇ ಗೊಂಚಲಿನಲ್ಲಿ ಇಟ್ಟವನ ಗತಿ ನಮ್ಮದಾಯಿತು.

ಇನ್ನೊಂದು ಅಪಾಯವಿದೆ. ಉತ್ಸಾಹಿ ಯುವಕನೊಬ್ಬ ಎಲ್ಲವನ್ನೂ ಸಿದ್ಧಪಡಿಸಿಕೊಡುತ್ತಾನೆ. ಅವನು ಬೆಂಗಳೂರಿಗೋ ದುಬೈಗೋ ಹೋದಾಗ ಪಾಸ್‌ವರ್ಡ್ ಕೂಡ ಅವನ ಜೊತೆಗೇ ಹೋಗುತ್ತದೆ. ಧರ್ಮಗುರುಗಳಿಗೆ ವರ್ಗವಾದಾಗಲೂ ಹೀಗೆಯೇ. ಇದು ಆ ಯುವಕನ ತಪ್ಪಲ್ಲ, ಕೇಳಿಟ್ಟುಕೊಳ್ಳದ ನಮ್ಮ ತಪ್ಪು.

ಏನು ಮಾಡಬೇಕು?

ತಂತ್ರಜ್ಞರು ‘3-2-1’ ಎಂಬ ಸರಳ ನಿಯಮ ಹೇಳುತ್ತಾರೆ: ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಚರ್ಚ್‌ನ ಕಂಪ್ಯೂಟರ್‌ನಲ್ಲಿ ಒಂದು, ಕೆಲಸ ಮುಗಿದೊಡನೆ ಕಳಚಿಡುವ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಧರ್ಮಪ್ರಾಂತ್ಯದ ಕಚೇರಿಯಲ್ಲಿ ಅಥವಾ ನಂಬಿಕೆಯ ಇಂಟರ್ನೆಟ್ ಭಂಡಾರದಲ್ಲಿ ಇನ್ನೊಂದು. ಇವು ಜನರ ಖಾಸಗಿ ವಿವರಗಳಾದ್ದರಿಂದ ಪ್ರತಿಗಳಿಗೆ ಪಾಸ್‌ವರ್ಡ್ ಇರಲಿ; ಆ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಚರ್ಚ್‌ನ ತಿಜೋರಿಯಲ್ಲಿರಲಿ. ಮೂಲ ಪುಸ್ತಕಗಳನ್ನು ಮಾತ್ರ ಎಂದಿಗೂ ಬಿಡಬಾರದು. ಶಾಯಿಯಲ್ಲಿ ಬರೆದದ್ದಕ್ಕೆ ವಿದ್ಯುತ್ ಬೇಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಪರೀಕ್ಷೆ. ವರ್ಷಕ್ಕೆ ಎರಡು ಬಾರಿ, ಮಳೆಗಾಲಕ್ಕೆ ಮುನ್ನ ಒಮ್ಮೆ ಮತ್ತು ಕ್ರಿಸ್ಮಸ್‌ಗೆ ಮುನ್ನ ಒಮ್ಮೆ, ಆ ಪ್ರತಿಯನ್ನು ಬೇರೊಂದು ಕಂಪ್ಯೂಟರ್‌ಗೆ ಹಾಕಿ ತೆರೆದು ನೋಡಬೇಕು. ಹತ್ತು ಹೆಸರುಗಳನ್ನು ಆರಿಸಿ ಮೂಲ ಪುಸ್ತಕದೊಂದಿಗೆ ತಾಳೆ ಹಾಕಬೇಕು. ಪಾಲನಾ ಮಂಡಳಿಯ ಕಾರ್ಯದರ್ಶಿ ಇದನ್ನು ವರದಿ ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ಒಂದು ಮಧ್ಯಾಹ್ನ ಸಾಕು. ತೆರೆದು ನೋಡದ ಬ್ಯಾಕಪ್ ಬರಿಯ ಆಶೆ ಮಾತ್ರ. ಹತ್ತು ಮಂದಿ ಕನ್ಯೆಯರ ಸಾಮತಿಯಲ್ಲಿ ಎಲ್ಲರ ಕೈಯಲ್ಲೂ ದೀಪವಿತ್ತು, ಎಣ್ಣೆ ಇದ್ದದ್ದು ಐವರ ಬಳಿ ಮಾತ್ರ.

ಪ್ರವಾದಿ ಯೆರೆಮೀಯನ ಗ್ರಂಥದ 36ನೇ ಅಧ್ಯಾಯದಲ್ಲಿ ಅರಸ ಯೆಹೋಯಾಕೀಮನು ದೇವರ ವಾಕ್ಯದ ಸುರುಳಿಯನ್ನು ತುಂಡು ತುಂಡಾಗಿ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಆಗ ಯೆರೆಮೀಯನು ಮತ್ತೆ ಹೇಳುತ್ತಾನೆ, ಬಾರೂಕನು ಮತ್ತೆ ಬರೆಯುತ್ತಾನೆ. ಹೇಳುವವನೂ ಬರೆಯುವವನೂ ಜೀವಂತವಾಗಿದ್ದುದರಿಂದ ಸುರುಳಿ ಮರಳಿ ಬಂತು. ನಮ್ಮ ದಾಖಲೆ ಪುಸ್ತಕಗಳಲ್ಲಿ ಹೆಸರು ಇರುವವರಲ್ಲಿ ಹೆಚ್ಚಿನವರು ಇಂದು ಹೇಳಲು ಉಳಿದಿಲ್ಲ. ಅವರ ಪರವಾಗಿ ಆ ಪುಟಗಳನ್ನು ಕಾಯುವ ಹೊಣೆ ನಮ್ಮದು. ಈ ಭಾನುವಾರ ಪೂಜೆ ಮುಗಿದ ಮೇಲೆ ನಿಮ್ಮ ಚರ್ಚ್ ಕಚೇರಿಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಬ್ಯಾಕಪ್ ಅನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?