ಸಂಗೀತ ನಿಂತ ಮೇಲೆ ಆಫ್ರಿಕಕ್ಕೆ ಉಳಿದದ್ದೇನು?

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಸುಮಾರು ಎರಡು ಲಕ್ಷ ಜನರು ಸೇರಿದ್ದರು. ಅದೇ ದಿನ ರೋಮ್, ಬರ್ಲಿನ್, ಮಾಸ್ಕೊ, ಫಿಲಡೆಲ್ಫಿಯಾ, ಪ್ಯಾರಿಸ್ ಬಳಿಯ ವರ್ಸೈ, ಟೋಕಿಯೊ ಬಳಿಯ ಚಿಬಾ, ಕೆನಡಾದ ಬ್ಯಾರಿ ಮತ್ತು ಜೊಹಾನ್ಸ್‌ಬರ್ಗ್‌ಗಳಲ್ಲೂ ಹೆಸರಾಂತ ಗಾಯಕರು ಹಾಡಿದರು. ಐರ್ಲೆಂಡಿನ ಗಾಯಕ ಬಾಬ್ ಗೆಲ್ಡಾಫ್ ಅವರ ಮುಂದಾಳತ್ವದಲ್ಲಿ ನಡೆದ ಈ ಕಾರ್ಯಕ್ರಮಗಳಿಗೆ 'ಲೈವ್ 8' ಎಂದು ಹೆಸರಿಡಲಾಗಿತ್ತು. ಇದರ ವಿಶೇಷವೆಂದರೆ ಆಫ್ರಿಕದ ಬಡವರಿಗಾಗಿ ಪ್ರೇಕ್ಷಕರಿಂದ ದೇಣಿಗೆ ಕೇಳಲಿಲ್ಲ. ಅವರ ಹೆಸರು ಮತ್ತು ಧ್ವನಿಯನ್ನು ಮಾತ್ರ ಕೇಳಲಾಯಿತು. ನಾಲ್ಕು ದಿನಗಳ ಬಳಿಕ ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಸೇರಲಿದ್ದ ಜಿ-8 ರಾಷ್ಟ್ರಗಳ ನಾಯಕರ ಮೇಲೆ ಒತ್ತಡ ತರುವುದೇ ಉದ್ದೇಶವಾಗಿತ್ತು.

ನಮ್ಮ ಕರಾವಳಿಯಲ್ಲೂ ಬಡ ರೋಗಿಯೊಬ್ಬರ ಶಸ್ತ್ರಚಿಕಿತ್ಸೆಗಾಗಿ, ಶಾಲೆಯ ಕಟ್ಟಡಕ್ಕಾಗಿ ಸಹಾಯಾರ್ಥ ಸಂಗೀತ ರಸಮಂಜರಿ ನಡೆಸುವುದು ಹೊಸತೇನಲ್ಲ. ಟಿಕೆಟ್ ಮಾರಿದ ಹಣ ಎಷ್ಟು, ಆಸ್ಪತ್ರೆಯ ಬಿಲ್ ಎಷ್ಟು ಎಂದು ಲೆಕ್ಕ ಹಾಕಿದರೆ ಫಲ ಗೊತ್ತಾಗುತ್ತದೆ. ಆದರೆ ಒಂದು ಖಂಡದ ಬಡತನದ ಲೆಕ್ಕ ಹಾಗೆ ಮುಗಿಯುವುದಿಲ್ಲ. ತಾರೆಯರ ಸಂಗೀತ ಕಾರ್ಯಕ್ರಮಗಳಿಂದ ಆಫ್ರಿಕದ ಬಡತನ ನೀಗಲು ಸಾಧ್ಯವೇ? ಲೈವ್ 8 ನಡೆದು ಎರಡು ದಶಕಗಳು ಕಳೆದಿರುವುದರಿಂದ ಈ ಪ್ರಶ್ನೆಗೆ ಊಹೆಯಿಂದಲ್ಲ, ನಡೆದ ಸಂಗತಿಗಳಿಂದಲೇ ಉತ್ತರ ಹುಡುಕಬಹುದು.

ಬರಗಾಲ ಮತ್ತು ಮೊದಲ ಹಾಡು

ಇಂತಹ ಕಾರ್ಯಕ್ರಮಗಳ ಇತಿಹಾಸದಲ್ಲಿ ಭಾರತೀಯರ ಪಾತ್ರವೂ ಇದೆ. 1971ರ ಆಗಸ್ಟ್ 1ರಂದು ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಸೇರಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಾರ್ಯಕ್ರಮ ನಡೆಸಿದ್ದರು. ಅದರ ಗಳಿಕೆಯ ಒಂದು ಭಾಗ ಬೇಗನೆ ಯುನಿಸೆಫ್‌ಗೆ ಸೇರಿತು. ಧ್ವನಿಮುದ್ರಿಕೆ ಮತ್ತು ಚಲನಚಿತ್ರದಿಂದ ಬಂದ ಹಣದ ದೊಡ್ಡ ಭಾಗ ಅಮೆರಿಕದ ತೆರಿಗೆ ತಕರಾರಿನಲ್ಲಿ ಸಿಲುಕಿ ವರ್ಷಗಟ್ಟಲೆ ಉಳಿಯಿತು.

1984ರ ಅಕ್ಟೋಬರ್‌ನಲ್ಲಿ ಬಿಬಿಸಿ ವರದಿಗಾರ ಮೈಕೆಲ್ ಬರ್ಕ್ ಇಥಿಯೋಪಿಯದ ಕೊರೆಮ್‌ನಿಂದ ಕಳುಹಿಸಿದ ಬರಗಾಲದ ದೃಶ್ಯಗಳು ಜಗತ್ತನ್ನು ಕಲಕಿದವು. ಅವನ್ನು ಕಂಡ ಗೆಲ್ಡಾಫ್ ಮೊದಲು ಒಂದು ಹಾಡಿನ ಧ್ವನಿಮುದ್ರಿಕೆ ತಂದರು. 1985ರ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾಗಳಲ್ಲಿ 'ಲೈವ್ ಏಡ್' ನಡೆಯಿತು. ಸಂಗ್ರಹವಾದ ಕೋಟ್ಯಂತರ ಪೌಂಡ್ ಹಣದಿಂದ ಧಾನ್ಯ, ಔಷಧ, ಲಾರಿಗಳು ಹೋದವು. ಇದರಿಂದ ಜೀವಗಳು ಉಳಿದವು ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಬರಗಾಲಕ್ಕೆ ಮಳೆ ಬಾರದಿದ್ದುದೊಂದೇ ಕಾರಣವಾಗಿರಲಿಲ್ಲ. ಮೆಂಗಿಸ್ಟು ಹೈಲೆ ಮರಿಯಮ್ ಅವರ ಸೇನಾಡಳಿತ ಉತ್ತರದ ತಿಗ್ರಾಯ್ ಮತ್ತು ಎರಿಟ್ರಿಯಗಳಲ್ಲಿ ಬಂಡುಕೋರರ ವಿರುದ್ಧ ಯುದ್ಧ ನಡೆಸುತ್ತಿತ್ತು. ಲಕ್ಷಾಂತರ ಜನರನ್ನು ಬಲವಂತದಿಂದ ನೈರುತ್ಯ ಭಾಗಕ್ಕೆ ಸಾಗಿಸಲಾಯಿತು. ದಾರಿಯಲ್ಲಿ ಮತ್ತು ಹೊಸ ಸ್ಥಳಗಳಲ್ಲಿ ಅನೇಕರು ಸತ್ತರು. ಇದನ್ನು ಬಹಿರಂಗವಾಗಿ ಖಂಡಿಸಿದ 'ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆಯ ಫ್ರೆಂಚ್ ವಿಭಾಗವನ್ನು 1985ರ ಕೊನೆಯಲ್ಲಿ ದೇಶದಿಂದ ಹೊರಹಾಕಲಾಯಿತು. ಟಿವಿ ಪರದೆಯಲ್ಲಿ ಹಸಿದ ಮಗು ಕಾಣುತ್ತಿತ್ತು, ಹಸಿವನ್ನು ಸೃಷ್ಟಿಸಿದ ರಾಜಕೀಯ ಕಾಣುತ್ತಿರಲಿಲ್ಲ.

ಹಣ ಕೇಳುವುದರಿಂದ ನ್ಯಾಯ ಕೇಳುವವರೆಗೆ

ಲೈವ್ ಏಡ್‌ನಲ್ಲಿ ಹಾಡಿದ ಗಾಯಕ ಬೋನೊ ಮುಂದೆ ಹಲವು ವೇದಿಕೆಗಳಲ್ಲಿ ಒಂದು ಹೋಲಿಕೆಯನ್ನು ಮುಂದಿಟ್ಟರು. ಅಷ್ಟೆಲ್ಲ ಶ್ರಮದಿಂದ ಕೂಡಿಸಿದ ಹಣದಷ್ಟನ್ನು ಆಫ್ರಿಕ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಹಳೆಯ ಸಾಲದ ಕಂತು ಮತ್ತು ಬಡ್ಡಿಯಾಗಿ ಹಿಂದಿರುಗಿಸುತ್ತಿದೆ ಎಂಬುದೇ ಆ ಹೋಲಿಕೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ ಇದು. ಹೀಗೆ ದಾನದ ಮಾತು ಸಾಲಮನ್ನಾದ ಮಾತಾಗಿ ಬದಲಾಯಿತು.

ಈ ಬದಲಾವಣೆಯ ನಿಜವಾದ ಶ್ರಮ ನಡೆದದ್ದು ವೇದಿಕೆಯ ಹೊರಗೆ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಐವತ್ತನೇ ವರ್ಷದ ಜುಬಿಲಿಯ ವಿಚಾರವಿದೆ. ಆ ವರ್ಷ ಕೈತಪ್ಪಿದ ಭೂಮಿ ಮೂಲ ಕುಟುಂಬಕ್ಕೆ ಮರಳಬೇಕು, ಜೀತದವರಿಗೆ ಬಿಡುಗಡೆಯಾಗಬೇಕು. ಇದನ್ನೇ ಆಧಾರವಾಗಿಟ್ಟುಕೊಂಡು ಬ್ರಿಟನ್ನಿನಲ್ಲಿ ಅಧ್ಯಾಪಕ ಮಾರ್ಟಿನ್ ಡೆಂಟ್ ಮತ್ತು ನಿವೃತ್ತ ರಾಜತಾಂತ್ರಿಕ ವಿಲಿಯಂ ಪೀಟರ್ಸ್ 2000ನೇ ವರ್ಷದೊಳಗೆ ಬಡ ದೇಶಗಳ ತೀರಿಸಲಾಗದ ಸಾಲವನ್ನು ರದ್ದುಮಾಡಬೇಕೆಂದು ಚಳವಳಿ ಕಟ್ಟಿದರು. ಪೋಪ್ ಎರಡನೇ ಜಾನ್ ಪೌಲ್ ಅವರೂ 1994ರ ತಮ್ಮ ಪ್ರೇರಿತಿಕ ಪತ್ರದಲ್ಲಿ ಇದೇ ಕರೆ ನೀಡಿದ್ದರು. ಚರ್ಚುಗಳು, ಕಾರ್ಮಿಕ ಸಂಘಗಳು, ಮಹಿಳಾ ಗುಂಪುಗಳು ಸಹಿ ಸಂಗ್ರಹಿಸಿದವು. 1998ರ ಮೇ 16ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ-8 ಸಭೆಯ ಸುತ್ತ ಸುಮಾರು 70,000 ಜನರು ಮಾನವ ಸರಪಳಿ ರಚಿಸಿದರು. ಕೊನೆಗೆ ಮನವಿಗೆ ಬಿದ್ದ ಸಹಿಗಳು ಎರಡು ಕೋಟಿಗೂ ಮಿಕ್ಕಿದ್ದವು. 1999ರಲ್ಲಿ ಕಲೋನ್ ಸಭೆಯಲ್ಲಿ ಸಾಲಮನ್ನಾ ಯೋಜನೆಯನ್ನು ವಿಸ್ತರಿಸಲಾಯಿತು.

ಕೊಟ್ಟ ಮಾತು, ನಡೆಸಿದ ಮಾತು

ಈಗ 2005ಕ್ಕೆ ಬರೋಣ. ಗ್ಲೆನ್‌ಈಗಲ್ಸ್ ಸಭೆಯಿಂದ ಎರಡು ಮುಖ್ಯ ಭರವಸೆಗಳು ಹೊರಬಿದ್ದವು. ಮೊದಲನೆಯದು, 18 ದೇಶಗಳು ವಿಶ್ವಬ್ಯಾಂಕ್, ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ಆಫ್ರಿಕ ಅಭಿವೃದ್ಧಿ ಬ್ಯಾಂಕಿಗೆ ಕೊಡಬೇಕಿದ್ದ ಸುಮಾರು 40 ಶತಕೋಟಿ ಡಾಲರ್ ಸಾಲದ ಮನ್ನಾ. ಆ 18ರಲ್ಲಿ 14 ಆಫ್ರಿಕದ ದೇಶಗಳು. ಎರಡನೆಯದು, 2010ರ ಹೊತ್ತಿಗೆ ವಾರ್ಷಿಕ ನೆರವನ್ನು 50 ಶತಕೋಟಿ ಡಾಲರ್ ಹೆಚ್ಚಿಸಿ, ಅದರಲ್ಲಿ 25 ಶತಕೋಟಿಯನ್ನು ಆಫ್ರಿಕಕ್ಕೆ ನೀಡುವ ವಾಗ್ದಾನ.

ಸಾಲಮನ್ನಾ ಜಾರಿಗೆ ಬಂತು, ಮುಂದೆ ಬೇರೆ ದೇಶಗಳಿಗೂ ವಿಸ್ತರಿಸಿತು. ನೆರವಿನ ವಾಗ್ದಾನ ಅರ್ಧ ದಾರಿಯಲ್ಲಿ ನಿಂತಿತು. ಶ್ರೀಮಂತ ದೇಶಗಳದೇ ಸಂಘಟನೆಯಾದ ಓಇಸಿಡಿಯ ಅಂದಾಜಿನಂತೆ 2010ರಲ್ಲಿ ಆಫ್ರಿಕಕ್ಕೆ ದೊರೆತ ಹೆಚ್ಚುವರಿ ನೆರವು ಸುಮಾರು 11 ಶತಕೋಟಿ ಡಾಲರ್ ಮಾತ್ರ, ಅಂದರೆ ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆ.

ಎರಡೂ ಒಂದೇ ಸಭೆಯ ಮಾತುಗಳು. ಹಾಗಿದ್ದೂ ಒಂದು ಏಕೆ ನಡೆಯಿತು, ಇನ್ನೊಂದು ಏಕೆ ಕುಂಟಿತು? ದಿನಾಂಕಗಳನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಸಾಲಮನ್ನಾಕ್ಕೆ ಹಣಕಾಸು ಸಚಿವರು ಲಂಡನ್ನಿನಲ್ಲಿ ಒಪ್ಪಿದ್ದು 2005ರ ಜೂನ್ 11ರಂದು, ಲೈವ್ 8ಕ್ಕೆ ಮೂರು ವಾರ ಮೊದಲು. ಅದರ ಹಿಂದೆ ಹತ್ತು ವರ್ಷಗಳ ಸಹಿ, ಮೆರವಣಿಗೆ, ಪತ್ರ, ಲೆಕ್ಕಪತ್ರಗಳ ಕೆಲಸವಿತ್ತು. ಯಾವ ದೇಶದ ಎಷ್ಟು ಸಾಲ, ಯಾರಿಗೆ, ಯಾವಾಗ ಎಂಬುದೆಲ್ಲ ಕಾಗದದ ಮೇಲಿತ್ತು. ನೆರವಿನ ಮಾತಾದರೋ ಪ್ರತಿವರ್ಷ ಪ್ರತಿಯೊಂದು ದೇಶದ ಬಜೆಟ್‌ನಲ್ಲಿ ಮತ್ತೆ ಮತ್ತೆ ಗೆಲ್ಲಬೇಕಾದದ್ದು. ಅದನ್ನು ಕಾಯಲು 2006ರಲ್ಲಿ, 2007ರಲ್ಲಿ ಹೈಡ್ ಪಾರ್ಕ್‌ನಲ್ಲಿ ಎರಡು ಲಕ್ಷ ಜನರಿರಲಿಲ್ಲ. 2008ರ ಆರ್ಥಿಕ ಕುಸಿತ ಬಂದಾಗ ಹಲವು ಸರಕಾರಗಳಿಗೆ ನೆಪವೂ ಸಿಕ್ಕಿತು.

ಬ್ರಿಟನ್ 2013ರಲ್ಲಿ ರಾಷ್ಟ್ರೀಯ ಆದಾಯದ ಶೇ. 0.7ನ್ನು ನೆರವಿಗೆ ನೀಡುವ ಗುರಿ ತಲುಪಿ, 2015ರಲ್ಲಿ ಅದನ್ನು ಕಾನೂನನ್ನೂ ಮಾಡಿತು. ಆದರೆ 2021ರಲ್ಲಿ ಶೇ. 0.5ಕ್ಕೆ ಇಳಿಸಿತು, 2027ಕ್ಕೆ ಶೇ. 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈ 1ರಂದು ಬಾಗಿಲು ಮುಚ್ಚಿತು. ಇಪ್ಪತ್ತು ವರ್ಷಗಳ ಹಿಂದೆ ಲಕ್ಷಾಂತರ ಕಂಠಗಳು ಕೇಳಿ ಪಡೆದದ್ದು ಹೀಗೆ ಹೆಚ್ಚು ಸದ್ದಿಲ್ಲದೆ ಕರಗಿತು.

ಮನ್ನಾ ಆದ ಸಾಲ ಮರಳಿ ಬಂದಾಗ

ಸಾಲಮನ್ನಾದಿಂದ ಜನಸಾಮಾನ್ಯರಿಗೆ ಪ್ರಯೋಜನವಾಯಿತೇ? ಜಾಂಬಿಯ ಒಳ್ಳೆಯ ಉದಾಹರಣೆ. ತಾಮ್ರದ ಗಣಿಗಳಿರುವ ಈ ದೇಶದ ಸುಮಾರು 7 ಶತಕೋಟಿ ಡಾಲರ್ ವಿದೇಶಿ ಸಾಲ ಮನ್ನಾದ ಬಳಿಕ ಅದರ ಹತ್ತನೇ ಒಂದು ಭಾಗಕ್ಕೆ ಇಳಿಯಿತು. 2006ರ ಏಪ್ರಿಲ್‌ನಲ್ಲಿ ಸರಕಾರ ಗ್ರಾಮೀಣ ಆರೋಗ್ಯ ಕೇಂದ್ರಗಳ ಶುಲ್ಕ ರದ್ದುಪಡಿಸಿತು. ಮಗುವಿಗೆ ಜ್ವರ ಬಂದಾಗ ಕೈಯಲ್ಲಿ ಕಾಸಿಲ್ಲದ ತಾಯಿಗೂ ಚಿಕಿತ್ಸೆ ಸಿಗುವಂತಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಮುಂದಿನ ಕಥೆಯನ್ನೂ ಹೇಳಬೇಕು. ಸಾಲದ ಹೊರೆ ಇಳಿದ ಜಾಂಬಿಯಕ್ಕೆ ಖಾಸಗಿ ಹೂಡಿಕೆದಾರರು ಹೊಸ ಸಾಲ ಕೊಡಲು ಮುಂದೆ ಬಂದರು. 2012, 2014 ಮತ್ತು 2015ರಲ್ಲಿ ಬಾಂಡ್‌ಗಳ ಮೂಲಕ ಅದು ಒಟ್ಟು 3 ಶತಕೋಟಿ ಡಾಲರ್ ಎತ್ತಿತು. ಕೊನೆಯದಕ್ಕೆ ಬಡ್ಡಿ ಸುಮಾರು ಶೇ. 9. ಚೀನಾದಿಂದಲೂ ಸಾಲ ಬಂತು. ತಾಮ್ರದ ಬೆಲೆ ಕುಸಿಯಿತು, ಹಣ ವ್ಯಯಿಸುವಲ್ಲಿ ಶಿಸ್ತೂ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಜಾಂಬಿಯ ಕಂತು ಕಟ್ಟಲಾಗದೆ ಕೈಚೆಲ್ಲಿತು. 2022ರ ಡಿಸೆಂಬರ್‌ನಲ್ಲಿ ಘಾನಾದ ಸರದಿ. 2023ರ ಡಿಸೆಂಬರ್‌ನಲ್ಲಿ, ಎಲ್ಲ ಹಾಡುಗಳೂ ಯಾರ ಹೆಸರಿನಲ್ಲಿ ಶುರುವಾದವೋ ಆ ಇಥಿಯೋಪಿಯವೇ 33 ದಶಲಕ್ಷ ಡಾಲರಿನ ಬಡ್ಡಿ ಕಟ್ಟಲಾಗದ ಸ್ಥಿತಿಗೆ ಬಂತು. ಅದಕ್ಕೂ ಮೊದಲು, 2020ರಿಂದ 2022ರವರೆಗೆ ತಿಗ್ರಾಯ್‌ನಲ್ಲಿ ಮತ್ತೆ ಯುದ್ಧ ನಡೆದು, ನೆರವಿನ ಲಾರಿಗಳನ್ನು ತಡೆಹಿಡಿಯಲಾಗಿತ್ತು. ವಿಶ್ವಸಂಸ್ಥೆಯ ಸಂಸ್ಥೆಗಳ ಪ್ರಕಾರ 2021ರ ಜೂನ್ ಹೊತ್ತಿಗೆ ಅಲ್ಲಿ ಮೂರೂವರೆ ಲಕ್ಷ ಜನರು ಕ್ಷಾಮದ ಸ್ಥಿತಿಯಲ್ಲಿದ್ದರು.

ನಮ್ಮ ರೈತರ ಸಾಲಮನ್ನಾ ಕಂಡವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಬೆಳೆಗೆ ಬೆಲೆ ಸಿಗದಿದ್ದರೆ ಮನ್ನಾ ಆದ ಸಾಲ ಕೆಲವೇ ವರ್ಷಗಳಲ್ಲಿ ಮತ್ತೆ ಪಾಸ್‌ಪುಸ್ತಕದಲ್ಲಿ ಕಾಣಿಸಿಕೊಳ್ಳುತ್ತದೆ.

ಗೇರುಬೀಜ ಹೇಳುವ ಪಾಠ

ಬೆಲೆಯ ಮಾತು ಬಂದಾಗ ಆಫ್ರಿಕ ನಮಗೆ ದೂರದ ಖಂಡವಲ್ಲ. ಮಂಗಳೂರು ಮತ್ತು ಕೊಲ್ಲಂನ ಗೇರುಬೀಜ ಕಾರ್ಖಾನೆಗಳಿಗೆ ಬೇಕಾದ ಕಚ್ಚಾ ಬೀಜದ ದೊಡ್ಡ ಪಾಲು ದಶಕಗಳಿಂದ ಆಫ್ರಿಕದಿಂದಲೇ ಬರುತ್ತಿದೆ. ಮೊದಲು ಮೊಜಾಂಬಿಕ್, ತಾಂಜಾನಿಯಗಳಿಂದ. ಈಗ ಹೆಚ್ಚಾಗಿ ಐವರಿ ಕೋಸ್ಟ್ ಮತ್ತಿತರ ಪಶ್ಚಿಮದ ದೇಶಗಳಿಂದ.

ಒಂದು ಕಾಲಕ್ಕೆ ಗೇರುಬೀಜದಲ್ಲಿ ಜಗತ್ತಿಗೇ ಮುಂದಿದ್ದ ಮೊಜಾಂಬಿಕ್ ತನ್ನದೇ ಕಾರ್ಖಾನೆಗಳನ್ನು ಕಟ್ಟಿಕೊಂಡಿತ್ತು. 1990ರ ದಶಕದ ಮಧ್ಯದಲ್ಲಿ ವಿಶ್ವಬ್ಯಾಂಕಿನ ಷರತ್ತಿಗೆ ಮಣಿದು ಕಚ್ಚಾ ಬೀಜದ ರಫ್ತು ಸುಂಕವನ್ನು ಇಳಿಸಬೇಕಾಯಿತು. ಬೀಜ ಭಾರತಕ್ಕೆ ಹರಿಯಿತು. ಅಲ್ಲಿನ ಕಾರ್ಖಾನೆಗಳು ಮುಚ್ಚಿ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ರೈತರಿಗಾದರೂ ಲಾಭವಾಯಿತೇ ಎಂದು ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಲೆಕ್ಕ ಹಾಕಿದಾಗ, ಗೇರು ಬೆಳೆಯುವ ಒಂದು ಕುಟುಂಬಕ್ಕೆ ವರ್ಷಕ್ಕೆ ಸರಾಸರಿ ಐದು ಡಾಲರಿನಷ್ಟು ಮಾತ್ರ ಎಂದು ಕಂಡುಬಂತು. ಇಲ್ಲಿನ ಕಾರ್ಖಾನೆಗಳಲ್ಲಿ ಬೀಜದ ಸಿಪ್ಪೆ ತೆಗೆಯುವ ನಮ್ಮ ಮಹಿಳೆಯರೂ ಶ್ರೀಮಂತರಲ್ಲ. ಆದ್ದರಿಂದ 2024ರ ಏಪ್ರಿಲ್‌ನಿಂದ ಬೆನಿನ್ ದೇಶ ಕಚ್ಚಾ ಗೇರುಬೀಜದ ರಫ್ತನ್ನು ನಿಷೇಧಿಸಿದಾಗ ಅಲ್ಲಿನವರಿಗೆ ಕೆಲಸದ ಆಸೆ, ಇಲ್ಲಿನವರಿಗೆ ಕೆಲಸದ ಆತಂಕ. ಬಡತನದ ನಿಜವಾದ ಗಂಟು ಇರುವುದು ಇಂತಹ ಕಡೆ.

ಇದಲ್ಲದೆ ಆಫ್ರಿಕದಿಂದ ಅಕ್ರಮವಾಗಿ ಹೊರಹೋಗುವ ಸಂಪತ್ತು ವರ್ಷಕ್ಕೆ ಸುಮಾರು 88.6 ಶತಕೋಟಿ ಡಾಲರ್ ಎಂದು ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ 2020ರಲ್ಲಿ ಅಂದಾಜಿಸಿತು. ಗ್ಲೆನ್‌ಈಗಲ್ಸ್‌ನಲ್ಲಿ ಆಫ್ರಿಕಕ್ಕೆ ಹೇಳಿದ 25 ಶತಕೋಟಿಯ ಪಕ್ಕದಲ್ಲಿ ಈ ಅಂಕೆಯನ್ನಿಟ್ಟು ನೋಡಬೇಕು.

ಯಾರ ಧ್ವನಿ?

ಹೈಡ್ ಪಾರ್ಕ್ ವೇದಿಕೆಯಲ್ಲಿ ಆಫ್ರಿಕದ ಕಲಾವಿದರು ತೀರಾ ವಿರಳವಾಗಿದ್ದರೆಂದು ಆಗಲೇ ಟೀಕೆ ಕೇಳಿಬಂದಿತ್ತು. ಸೆನೆಗಲ್‌ನ ಯೂಸ್ಸು ಎನ್‌ಡೂರ್‌ರಂತಹ ಹಿರಿಯ ಗಾಯಕರಿದ್ದೂ ಆಫ್ರಿಕದ ಬಹುತೇಕ ಕಲಾವಿದರಿಗೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪ್ರತ್ಯೇಕ ವೇದಿಕೆ ಒದಗಿಸಲಾಯಿತು. 2014ರಲ್ಲಿ ಎಬೋಲಾ ಪರಿಹಾರಕ್ಕಾಗಿ ಹಳೆಯ ಹಾಡನ್ನು ಮತ್ತೆ ಹಾಡಿಸಿದಾಗ ಘಾನಾ ಮೂಲದ ಗಾಯಕ ಫ್ಯೂಸ್ ಒಡಿಜಿ ಪಾಲ್ಗೊಳ್ಳಲು ನಿರಾಕರಿಸಿದರು. ರೋಗ ಮತ್ತು ಹಸಿವಿನ ಚಿತ್ರವನ್ನಷ್ಟೇ ತೋರಿಸಿದರೆ ಅಲ್ಲಿಗೆ ಪ್ರವಾಸಿಗರಾಗಲಿ ಬಂಡವಾಳವಾಗಲಿ ಬರುವುದಿಲ್ಲ ಎಂಬುದು ಅವರ ವಾದ. ಜಾಂಬಿಯದ ಅರ್ಥಶಾಸ್ತ್ರಜ್ಞೆ ಡಂಬಿಸಾ ಮೊಯೊ 2009ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸರಕಾರಗಳಿಗೆ ಸಿಗುವ ನೆರವೇ ಆಫ್ರಿಕವನ್ನು ಪರಾವಲಂಬಿಯಾಗಿಸಿದೆ ಎಂದು ಬರೆದರು. ಈ ವಾದವನ್ನು ಪೂರ್ತಿ ಒಪ್ಪಲಾಗದು. ನೆರವಿನ ಔಷಧದಿಂದ ಬದುಕುಳಿದ ಲಕ್ಷಾಂತರ ಎಚ್‌ಐವಿ ಪೀಡಿತರು ಅದಕ್ಕೆ ಉತ್ತರವಾಗಿದ್ದಾರೆ. ಆದರೂ ಆಫ್ರಿಕದ ಬಗ್ಗೆ ಆಫ್ರಿಕದವರೇ ಮಾತನಾಡಬೇಕೆಂಬ ಅವರ ಆಗ್ರಹ ನ್ಯಾಯವಾದದ್ದು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜಿ-20 ಸಭೆಯಲ್ಲಿ ಆಫ್ರಿಕ ಒಕ್ಕೂಟಕ್ಕೆ ಕಾಯಂ ಸ್ಥಾನ ದೊರೆತದ್ದು ಆ ದಿಕ್ಕಿನಲ್ಲಿ ಒಂದು ಹೆಜ್ಜೆ.

ವಿಶ್ವಬ್ಯಾಂಕ್ 2024ರಲ್ಲಿ ಹೇಳಿದಂತೆ ಜಗತ್ತಿನ ಕಡುಬಡವರಲ್ಲಿ ಮೂರನೇ ಎರಡು ಭಾಗ ಸಹಾರಾದ ದಕ್ಷಿಣದ ಆಫ್ರಿಕದಲ್ಲಿದ್ದಾರೆ. ಸಂಗೀತ ಕಾರ್ಯಕ್ರಮಗಳು ಬಡತನ ನೀಗಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಾಗೆಂದು ಅವು ವ್ಯರ್ಥವೆನ್ನುವುದೂ ಸರಿಯಲ್ಲ. ಕ್ಷಾಮದ ಹೊತ್ತಿನಲ್ಲಿ ಬೇಗನೆ ಹಣ ಕೂಡಿಸಲು, ಬಹುಕಾಲದಿಂದ ನಡೆದುಬಂದ ಹೋರಾಟಕ್ಕೆ ಕೊನೆಯ ನೂಕು ಕೊಡಲು ಅವು ಸಮರ್ಥ. ಅದರ ಹಿಂದೆಯೂ ಮುಂದೆಯೂ ವರ್ಷಗಟ್ಟಲೆ ದುಡಿಯುವ ಜನರಿಲ್ಲದಿದ್ದರೆ ಆ ನೂಕಿನಿಂದ ಏನೂ ಚಲಿಸುವುದಿಲ್ಲ.

ಪೋಪ್ ಫ್ರಾನ್ಸಿಸ್ 2025ರ ಜುಬಿಲಿ ವರ್ಷಕ್ಕಾಗಿ ಬಡ ದೇಶಗಳ ಸಾಲಮನ್ನಾದ ಕರೆಯನ್ನು ಮತ್ತೊಮ್ಮೆ ನೀಡಿದ್ದರು. ಆ ವರ್ಷ ಮುಗಿದಿದೆ, ಸಾಲ ಉಳಿದಿದೆ. 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಬೀದಿಯಲ್ಲಿ ಕೈ ಕೈ ಹಿಡಿದು ನಿಂತವರಲ್ಲಿ ಹೆಚ್ಚಿನವರು ತಾರೆಯರಾಗಿರಲಿಲ್ಲ. ಅವರು ಧರ್ಮಕೇಂದ್ರಗಳಿಂದ, ಸಂಘಟನೆಗಳಿಂದ ಬಸ್ಸು ಹಿಡಿದು ಬಂದ ಸಾಮಾನ್ಯರು. ಸಾಲಮನ್ನಾಕ್ಕೆ ದಾರಿ ತೆರೆದವರು ಅವರೇ. ಮುಂದಿನ ಬಾರಿ ಆಫ್ರಿಕಕ್ಕಾಗಿ ದೊಡ್ಡ ವೇದಿಕೆ ಎದ್ದಾಗ ಯಾರು ಹಾಡುತ್ತಾರೆ ಎಂದು ಕೇಳುವುದರ ಜೊತೆಗೆ, ಮರುವರ್ಷದ ಬಜೆಟ್ ದಿನ ಆ ಮಾತನ್ನು ನೆನಪಿಸಲು ಯಾರಿದ್ದಾರೆ ಎಂದೂ ನಾವು ಕೇಳಬೇಕಾಗಿದೆ.