ಎಂಜಿನ್‌ಗೆ ದುಡ್ಡು ಸರಿ, ಎಣ್ಣೆ ಲೆಕ್ಕ ಎಲ್ಲಿ?

ಬೆಂಗಳೂರಿನ ಹನುಮಂತನಗರದ ಏರುರಸ್ತೆಗಳಲ್ಲಿ ಹಿಂದೆಲ್ಲ ಟೂ-ಸ್ಟ್ರೋಕ್ ಆಟೋಗಳು ಹೊಗೆ ಉಗುಳುತ್ತಾ ಹತ್ತುತ್ತಿದ್ದವು. ಅವನ್ನು ಬಿಟ್ಟು ಹೊಸ ಆಟೋ ಕೊಳ್ಳುವವರಿಗೆ ಸರ್ಕಾರ 30,000 ರೂಪಾಯಿ ಸಹಾಯಧನ ಘೋಷಿಸಿತು. ಈಗ ಕರಾವಳಿಯ ನಾಡದೋಣಿಗಳ ಸರದಿ. ಸೀಮೆಎಣ್ಣೆ ಎಂಜಿನ್ ತೆಗೆದು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಹಾಕಿಸಲು 2023-24ರ ಬಜೆಟ್ಟಿನಲ್ಲಿ 50,000 ರೂಪಾಯಿ ಸಹಾಯಧನ ಪ್ರಕಟವಾಯಿತು.

ಒಳ್ಳೆಯದೇ. ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದಷ್ಟು ಎಣ್ಣೆ ಉರಿಯದೆಯೇ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಆ ನಷ್ಟ ಕಡಿಮೆ. ಆದರೆ ಅದರ ತೂಕ ಹೆಚ್ಚು, ಬೆಲೆಯೂ ಹೆಚ್ಚು. ಪೆಟ್ರೋಲಂತೂ ಸಬ್ಸಿಡಿ ಸೀಮೆಎಣ್ಣೆಗಿಂತ ದುಬಾರಿ. ಉಳಿದ ಲೀಟರು ಈ ಹೆಚ್ಚಿನ ಖರ್ಚನ್ನು ತುಂಬಿಕೊಡುತ್ತದೆಯೇ? ಸಾಲ ಮಾಡಿ ಎಂಜಿನ್ ಕೊಳ್ಳುವವರಿಗೆ ಬೇಕಾದ ಉತ್ತರ ಇದು.

ದೊಡ್ಡ ಎಂಜಿನ್ ಎಂದ ಮಾತ್ರಕ್ಕೆ ಹೆಚ್ಚು ಮೀನು ಸಿಗುವುದಿಲ್ಲ. ಜೂನ್-ಜುಲೈನ 61 ದಿನಗಳ ನಿಷೇಧದಲ್ಲಿ 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ಮಾತ್ರ ಕಡಲಿಗಿಳಿಯಲು ಅವಕಾಶ. ಆದ್ದರಿಂದ ಅಂಗಡಿಯಲ್ಲಿ 'ಎಷ್ಟು ಎಚ್‌ಪಿ' ಎಂದು ಕೇಳಿ ಸುಮ್ಮನಾಗಬೇಡಿ. 'ಬಲೆ, ಜನ ತುಂಬಿದ ದೋಣಿ ಅಷ್ಟು ದೂರ ಹೋಗಿ ಬರಲು ಎಷ್ಟು ಲೀಟರ್ ಬೇಕು' ಎಂದೂ ಕೇಳಿ.

ಇದನ್ನು ತೋರಿಸುವ ಹೊಣೆ ಮೀನುಗಾರಿಕೆ ಇಲಾಖೆಯದು. ಮಲ್ಪೆ, ಗಂಗೊಳ್ಳಿಯಂಥ ಬಂದರುಗಳಲ್ಲಿ ಒಂದೇ ದೋಣಿಗೆ ಬೇರೆ ಬೇರೆ ಎಂಜಿನ್ ಕಟ್ಟಿ, ಅದೇ ಭಾರ ಹೇರಿ, ಅದೇ ದೂರ ಓಡಿಸಲಿ. ಖರ್ಚಾದ ಲೀಟರನ್ನು ಎಲ್ಲರೆದುರು ಅಳೆದು ಬೋರ್ಡಿನಲ್ಲಿ ಬರೆಯಲಿ.

ಸಹಾಯಧನ ಬರುವುದು ಒಂದೇ ಸಲ. ಎಣ್ಣೆಗೆ ದುಡ್ಡು ಕೊಡಬೇಕಾದ್ದು ದಿನಾ.